ಹದಿನೆಂಟರ ಹೊಸ್ತಿಲಲ್ಲಿ ರಾಜ್ಯಶಾಸ್ತ್ರ



ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದೊಡನೆ ನಮ್ಮ ಮನೆಗಳಲ್ಲಿ ಒಂದು ಲೆಕ್ಕಾಚಾರ ಆರಂಭವಾಗುತ್ತದೆ. ಹೆಚ್ಚು ಅಂಕ ಬಂದವರಿಗೆ ವಿಜ್ಞಾನ, ನಡುವಿನವರಿಗೆ ವಾಣಿಜ್ಯ, ಉಳಿದವರಿಗೆ ಕಲೆ. ಈ ಶ್ರೇಣಿಯನ್ನು ಯಾವ ಸರ್ಕಾರವೂ ಆಜ್ಞಾಪಿಸಿಲ್ಲ, ನಾವೇ ಕಟ್ಟಿಕೊಂಡಿದ್ದೇವೆ. ಹೀಗಿರುವಾಗ ಒಳ್ಳೆಯ ಅಂಕ ಗಳಿಸಿದ ಹುಡುಗಿಯೊಬ್ಬಳು ಪಿಯುಸಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳನ್ನು ಓದುವೆನೆಂದರೆ ಹೆತ್ತವರು ಕಳವಳಗೊಳ್ಳುತ್ತಾರೆ. "ಸ್ವಾಮಿ, ರಾಜಕೀಯ ಓದಿ ಇವಳೇನು ಮಾಡ್ತಾಳೆ? ನೀವಾದರೂ ಸ್ವಲ್ಪ ಬುದ್ಧಿ ಹೇಳಿ" ಎಂದು ನನ್ನ ಬಳಿ ಬಂದವರುಂಟು.

ಅವರ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಸಾಲ ಮಾಡಿ ಓದಿಸುವ ಮನೆಗೆ ನಾಳಿನ ಸಂಪಾದನೆಯ ಪ್ರಶ್ನೆ ದೊಡ್ಡದೇ. ಆದರೆ ಆ ಮಾತಿನಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಮತದಾನದ ಹಿಂದಿನ ರಾತ್ರಿ ಹಂಚುವ ಹಣ, ಜಾತಿಯ ಲೆಕ್ಕ, ಪಕ್ಷಾಂತರ, ಇವನ್ನೇ ನಾವು ರಾಜಕೀಯವೆಂದು ಬಗೆದಿದ್ದೇವೆ. ರಾಜ್ಯಶಾಸ್ತ್ರವಾದರೋ ಬೇರೆಯೇ ಪ್ರಶ್ನೆಗಳನ್ನು ಕೇಳುತ್ತದೆ: ಅಧಿಕಾರ ಯಾರ ಕೈಯಲ್ಲಿದೆ? ಅದನ್ನು ಕೊಟ್ಟವರು ಯಾರು? ಅದು ದಾರಿ ತಪ್ಪಿದಾಗ ಯಾರನ್ನು ಕೇಳಬೇಕು?

ಈ ಪ್ರಶ್ನೆಗಳು ಪುಸ್ತಕದವು ಮಾತ್ರವೆಂದು ತಿಳಿಯುವವರು ದೇವನಹಳ್ಳಿಯತ್ತ ನೋಡಬೇಕು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಮುಂದಾದಾಗ, ಅಲ್ಲಿಯ ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷಗಳಿಗೂ ಹೆಚ್ಚು ಕಾಲ ಧರಣಿ ನಡೆಸಿದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಡುವುದಾಗಿಯೂ, ತಾವಾಗಿ ಒಪ್ಪಿ ಕೊಡುವವರ ಭೂಮಿಯನ್ನು ಮಾತ್ರ ಪಡೆಯುವುದಾಗಿಯೂ ಪ್ರಕಟಿಸಿದರು. ಆಸ್ತಿಯ ಹಕ್ಕು ಒಂದು ಕಾಲದಲ್ಲಿ ಮೂಲಭೂತ ಹಕ್ಕಾಗಿತ್ತು, 1978ರ 44ನೇ ತಿದ್ದುಪಡಿಯ ನಂತರ 300ಎ ವಿಧಿಯ ಕಾನೂನುಬದ್ಧ ಹಕ್ಕಾಗಿ ಉಳಿಯಿತು ಎಂಬುದು ತರಗತಿಯಲ್ಲಿ ಅಂಕಕ್ಕಾಗಿ ಕಲಿಯುವ ಒಂದು ಸಾಲು. ತನ್ನ ಹೊಲಕ್ಕೆ ಅಧಿಸೂಚನೆ ಬಂದವನಿಗೆ ಅದೇ ಸಾಲು ಬದುಕು. ಪ್ರಾಥಮಿಕ ಅಧಿಸೂಚನೆಗೂ ಅಂತಿಮ ಅಧಿಸೂಚನೆಗೂ ನಡುವೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ ಎಂದು ಅರಿತ ಒಂದು ಮಗು ಮನೆಯಲ್ಲಿದ್ದರೆ, ಆ ಮನೆ ದಲ್ಲಾಳಿಯ ಮಾತಿಗೆ ಸುಲಭವಾಗಿ ಬಲಿಯಾಗದು.

ಕ್ರೈಸ್ತರಾದ ನಮಗೆ ಈ ವಿಷಯ ಹೊರಗಿನದೂ ಅಲ್ಲ. ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರವರು ಸಂವಿಧಾನ ಸಭೆಯ ಸದಸ್ಯರಾಗಿದ್ದರು. ಅದರ ಉಪಾಧ್ಯಕ್ಷರಾಗಿದ್ದ ಎಚ್. ಸಿ. ಮುಖರ್ಜಿಯವರೂ ಕ್ರೈಸ್ತರೇ. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನಗಳು ಬೇಡವೆಂದು 1949ರಲ್ಲಿ ಸಭೆ ತೀರ್ಮಾನಿಸಿದಾಗ ಕ್ರೈಸ್ತ ಪ್ರತಿನಿಧಿಗಳು ಅದಕ್ಕೆ ಸಮ್ಮತಿಸಿದರು. ನೆರೆಹೊರೆಯವರ ನ್ಯಾಯಬುದ್ಧಿಯಲ್ಲಿ ವಿಶ್ವಾಸವಿಟ್ಟು ಕೈಗೊಂಡ ನಿರ್ಧಾರವದು. ನಮ್ಮ ಆರಾಧನೆಗೆ ಆಧಾರವಾದ 25ನೇ ವಿಧಿ, ನಮ್ಮ ಶಾಲೆಗಳಿಗೆ ಆಧಾರವಾದ 30ನೇ ವಿಧಿ ಆ ಸಭೆಯಲ್ಲೇ ರೂಪುಗೊಂಡವು. ಇವನ್ನು ಓದದ ಸಮುದಾಯ, ಇವು ಕೈತಪ್ಪುವ ದಿನವೂ ಎಚ್ಚರಗೊಳ್ಳಲಾರದು.

ಧರ್ಮಸಭೆಯ ಬೋಧನೆಯೂ ಇದೇ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು, ಸರ್ವರ ಒಳಿತಿಗಾಗಿ ಸಾರ್ವಜನಿಕ ಹೊಣೆ ಹೊರುವವರ ಕಾಯಕವನ್ನು ಪ್ರಶಂಸಿಸಿತು. 2000ದಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು, ಅರಸನಿಗಿಂತ ಅಂತಃಸಾಕ್ಷಿಗೆ ಮಣಿದು ತಲೆಯೊಪ್ಪಿಸಿದ ಸಂತ ಥಾಮಸ್ ಮೋರರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸಿದರು. ಗುರುಗಳಾದ ನಮಗೆ ಅಧಿಕಾರದ ಸ್ಥಾನಗಳನ್ನು ಧರ್ಮಸಭೆಯ ಕಾನೂನು ನಿಷೇಧಿಸಿದೆ. ಆ ಹೊಲ ಶ್ರೀಸಾಮಾನ್ಯ ವಿಶ್ವಾಸಿಗಳದು, ಅಂದರೆ ನಿಮ್ಮ ಮಕ್ಕಳದು. ಬಿತ್ತುವವರನ್ನೇ ಹೊಲಕ್ಕಿಳಿಯದಂತೆ ತಡೆದರೆ ಕಳೆ ಬೆಳೆಯಿತೆಂದು ದೂರುವ ಹಕ್ಕು ನಮಗೆಲ್ಲಿಯದು?

ಉದ್ಯೋಗ ಖಚಿತವೆಂದು ನಾನು ಹೇಳಲಾರೆ. ವಿಜ್ಞಾನ ಓದಿದವರಿಗೂ ಅದು ಖಚಿತವಲ್ಲ. ಆದರೆ ಪಿಯುಸಿಯ ನಂತರ ಐದು ವರ್ಷದ ಕಾನೂನು ಪದವಿಗೆ ಈ ವಿದ್ಯಾರ್ಥಿಗಳಿಗೂ ಬಾಗಿಲು ತೆರೆದಿದೆ. ಅಧ್ಯಾಪನ, ಪತ್ರಿಕೋದ್ಯಮಗಳಿವೆ. ಆಡಳಿತ ಸೇವೆಯ ಪರೀಕ್ಷೆಗಳನ್ನು ಯಾವ ಪದವೀಧರರೂ ಬರೆಯಬಹುದು, ಅಲ್ಲಿ ಈ ಓದು ನೇರವಾಗಿ ನೆರವಿಗೆ ಬರುತ್ತದೆ.

ದ್ವಿತೀಯ ಪಿಯುಸಿ ಮುಗಿಯುವ ಹೊತ್ತಿಗೆ ಮಕ್ಕಳಿಗೆ ಹದಿನೆಂಟು ತುಂಬುತ್ತದೆ. ಯಾವ ವಿಷಯ ಓದಿದರೂ ಅವರು ಮತದಾರರಾಗುತ್ತಾರೆ. ಹದಿನೇಳು ದಾಟಿದವರು ಮುಂಗಡವಾಗಿಯೇ ಮತದಾರರ ಪಟ್ಟಿಗೆ ಅರ್ಜಿ ಸಲ್ಲಿಸಬಹುದು. ಇನ್ನೊಂದು ಕೋರಿಕೆ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ನಿಮ್ಮೂರಿನ ಗ್ರಾಮಸಭೆಗೆ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ. ಕುಡಿಯುವ ನೀರಿಗೆ ಬಂದ ಹಣವೆಷ್ಟು, ಖರ್ಚಾದದ್ದೆಷ್ಟು ಎಂದು ಮಗು ಎದ್ದುನಿಂತು ಕೇಳಿದರೆ, ಅಂಗಿ ಹಿಡಿದೆಳೆದು ಕೂರಿಸಬೇಡಿ.