ಪೆಟ್ಟಿಗೆ ಎತ್ತುವವರು ಯಾರು?

ಬೇಸಿಗೆಯಲ್ಲಿ ಯುರೋಪಿಗೆ ಹೊರಟವರ ಮನೆಯಲ್ಲಿ ಎರಡು ವಾರ ಮೊದಲೇ ಹಾಲ್‌ನ ದಿವಾನದ ಮೇಲೆ ಬಟ್ಟೆಯ ರಾಶಿ ಬೀಳುತ್ತದೆ. ನೋಡಲು ಬಂದವರೆಲ್ಲ ಒಂದೊಂದು ಮಾತು ಸೇರಿಸಿ ಹೋಗುತ್ತಾರೆ. ಸ್ವೆಟರ್ ಇಟ್ಕೊಂಡ್ರಾ? ಶಾಲು? ಕಾಲುಚೀಲ ಇನ್ನೆರಡು ಜೊತೆ ಇರಲಿ. ಯುರೋಪು ಎಂದರೆ ಚಳಿ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ. ಆದರೆ 2019ರ ಜುಲೈ 25ರಂದು ಪ್ಯಾರಿಸ್‌ನಲ್ಲಿ 42.6 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಬೆಂಗಳೂರು ಇವತ್ತಿನವರೆಗೂ ಕಾಣದ ಬಿಸಿಲು ಅದು. ಅಲ್ಲಿನ ಎಷ್ಟೋ ಹಳೆಯ ಹೋಟೆಲುಗಳಲ್ಲಿ ಎಸಿ ಇಲ್ಲ, ಫ್ಯಾನೂ ಇಲ್ಲ. ಜುಲೈ ತಿಂಗಳ ರೋಮ್‌ನಲ್ಲಿ ನಮ್ಮ ರಾಯಚೂರಿನವರೂ ನೆರಳು ಹುಡುಕಿಕೊಂಡು ನಿಲ್ಲಬೇಕಾಗುತ್ತದೆ.

ಚಳಿಯೂ ಇದೆ, ಒಂದು ದಿನದ ಮಟ್ಟಿಗೆ. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ನಡುಬೇಸಿಗೆಯಲ್ಲೂ ಅಲ್ಲಿ ಕಾಲಡಿ ಹಿಮ. ಆ ಒಂದು ದಿನಕ್ಕೆ ಮೈಗಂಟುವ ಒಂದು ಥರ್ಮಲ್, ಗಾಳಿ ತಡೆಯುವ ಒಂದು ಜಾಕೆಟ್ ಸಾಕು. ಜಾಕೆಟ್ಟನ್ನು ವಿಮಾನದಲ್ಲಿ ಮೈಮೇಲೇ ಹಾಕಿಕೊಂಡು ಹೋದರೆ ಪೆಟ್ಟಿಗೆಯಲ್ಲಿ ಜಾಗವೂ ಉಳಿಯಿತು, ಮೇಲಿನ ಎಸಿಯ ಚಳಿಗೂ ಆಯಿತು.

ಮಗಳ ಮನೆಗೋ ಮಗನ ಮನೆಗೋ ಹೋಗುವಾಗ ಎಷ್ಟು ತುಂಬಿದರೂ ನಡೆಯುತ್ತದೆ. ವಿಮಾನ ನಿಲ್ದಾಣಕ್ಕೆ ಕಾರು ಬರುತ್ತದೆ, ಪೆಟ್ಟಿಗೆ ಒಂದು ಮೂಲೆ ಸೇರಿ ವಾಪಸು ಬರುವವರೆಗೂ ಅಲ್ಲೇ ಇರುತ್ತದೆ. ರೋಮ್, ವೆನಿಸ್, ಇಂಟರ್‌ಲಾಕನ್, ಪ್ಯಾರಿಸ್ ಎಂದು ರೈಲಿನಲ್ಲಿ ಊರೂರು ಸುತ್ತುವ ಪ್ರವಾಸದಲ್ಲಿ ಎರಡು ಮೂರು ದಿನಕ್ಕೊಮ್ಮೆ ಅದನ್ನು ಮುಚ್ಚಬೇಕು, ಎತ್ತಬೇಕು, ರೈಲಿಗೆ ಏರಿಸಬೇಕು, ಇಳಿಸಬೇಕು. ನಮ್ಮ ನಿಲ್ದಾಣಗಳ ಹಾಗೆ ಕೂಗಿದರೆ ಬರುವ ಕೂಲಿಯವರು ಅಲ್ಲಿಲ್ಲ. ವಿಮಾನದವರು 23 ಕೆಜಿ ಕೊಟ್ಟಿದ್ದಾರೆಂದು ನಾವು 22.9 ತುಂಬುತ್ತೇವಲ್ಲ, ಆ ಲೆಕ್ಕ ವಿಮಾನದ ಶಕ್ತಿಗೆ ತಕ್ಕದ್ದು. ನಮ್ಮ ಮಂಡಿಯನ್ನು ಯಾರೂ ಕೇಳಿರುವುದಿಲ್ಲ.

ವೆನಿಸ್‌ನ ಸಾಂತಾ ಲುಚಿಯಾ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ದೊಡ್ಡ ಕಾಲುವೆ. ಆಟೋ ಇಲ್ಲ, ಕಾರಿಲ್ಲ, ಸೈಕಲ್ಲೂ ಇಲ್ಲ. ಆ ಊರಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವುಗಳಿಗೆ ಮೆಟ್ಟಿಲು. ಚಕ್ರದ ಸೂಟ್‌ಕೇಸಿಗೆ ಬರ್ನಾರ್ಡ್ ಸ್ಯಾಡೊ ಎಂಬಾತ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1972ರಲ್ಲಿ. ಅಂದಿನಿಂದ ನಾವು ಭಾರ ಎತ್ತುವುದನ್ನೇ ಮರೆತಿದ್ದೇವೆ. ಮೆಟ್ಟಿಲಿನ ಮುಂದೆ ಚಕ್ರ ಕೆಲಸಕ್ಕೆ ಬರುವುದಿಲ್ಲ. ಎಪ್ಪತ್ತರ ಹತ್ತಿರದ ಹಿರಿಯರೊಬ್ಬರು ಅಲ್ಲಿ ಸೇತುವೆಯ ನಡುವೆ ಪೆಟ್ಟಿಗೆ ಇಳಿಸಿ, ಕಟಾಂಜನ ಹಿಡಿದು ಏದುಸಿರು ಬಿಡುತ್ತಿದ್ದುದನ್ನು ನೋಡಿದ್ದೇನೆ. ಎದುರಿಗೆ ಅಷ್ಟು ಚಂದದ ಊರು. ಅವರ ಕಣ್ಣು ಮಾತ್ರ ಮುಂದಿನ ಮೆಟ್ಟಿಲಿನ ಮೇಲೆ.

ಹಾಗಾದರೆ ಏನು ಬಿಡಬೇಕು? ಬಟ್ಟೆ. ದಿನಕ್ಕೊಂದು ಜೊತೆ ಎಂಬ ಲೆಕ್ಕವನ್ನು ಮೊದಲು ಕೈಬಿಡಬೇಕು. ನಾಲ್ಕೈದು ಜೊತೆ ಇಟ್ಟುಕೊಂಡು ರಾತ್ರಿ ಒಗೆದು ಹರವಿದರೆ ಬೆಳಿಗ್ಗೆಗೆ ಒಣಗುತ್ತವೆ. ಜೀನ್ಸ್ ಒಣಗುವುದಿಲ್ಲ, ಅದನ್ನು ಮನೆಯಲ್ಲೇ ಬಿಡಿ. ನಮ್ಮಕ್ಕ ಜಾರ್ಜೆಟ್ ಸೀರೆ ಮಡಚುತ್ತಿದ್ದಾಗ ಅವಳ ಸೊಸೆ, "ಅತ್ತೆ, ಅಲ್ಲಿ ಸೀರೆ ಯಾಕೆ, ಪ್ಯಾಂಟ್ ಹಾಕ್ಕೊಳ್ಳಿ" ಎಂದಳು. ಅಕ್ಕ, "ನೀನು ಹಾಕ್ಕೋಮ್ಮ, ನನಗೆ ಸೀರೇಲೇ ನಡೆಯೋಕೆ ಸಲೀಸು" ಎಂದಳು. ನಾನು ಅಕ್ಕನ ಕಡೆ. ಜಾರ್ಜೆಟ್ ಸೀರೆ ಸುತ್ತಿದರೆ ಒಂದು ಮುಷ್ಟಿ, ಹಿಂಡಿ ಹರವಿದರೆ ಗಂಟೆಗಳಲ್ಲೇ ಒಣಗುತ್ತದೆ. ವ್ಯಾಟಿಕನ್ನಿನ ಸಂತ ಪೀಟರರ ಬೆಸಿಲಿಕಾದಲ್ಲಿ ಭುಜ, ಮಂಡಿ ಮುಚ್ಚಿರದವರನ್ನು ಒಳಗೆ ಬಿಡುವುದಿಲ್ಲ. ಸೆರಗು ಹೊದ್ದವರಿಗೆ ಆ ಚಿಂತೆಯೇ ಇಲ್ಲ.

ಬಿಡಬಾರದ್ದು ಊಟದ ಗಂಟು. ನಾಲಿಗೆ ಚಪಲವೆಂದು ಇದನ್ನು ಹಗುರ ಮಾಡುವವರ ಮಾತು ನನಗೆ ಒಪ್ಪಿಗೆಯಿಲ್ಲ. ದಿನವಿಡೀ ನಡೆದು ಬಂದ ಸಸ್ಯಾಹಾರಿ ಹಿರಿಯರಿಗೆ ರಾತ್ರಿಯೂ ಒಣ ಬ್ರೆಡ್ಡೇ ಗತಿಯಾದರೆ ನಾಲ್ಕನೆಯ ದಿನ ಕಾಲು ಏಳುವುದಿಲ್ಲ. ಅರ್ಧ ಕೆಜಿ ತೆಳು ಅವಲಕ್ಕಿಗೆ ಮನೆಯಲ್ಲೇ ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ಪೂರ್ತಿ ಆರಿದ ಮೇಲೆ ಜಿಪ್ ಕವರಿನಲ್ಲಿ ಗಾಳಿ ತೆಗೆದು ಮುಚ್ಚಿ. ಮೊಸರು ಅಲ್ಲಿನ ಯಾವ ಅಂಗಡಿಯಲ್ಲೂ ಸಿಗುತ್ತದೆ. ಒಲೆ ಹಚ್ಚದೆ ಮೊಸರವಲಕ್ಕಿ ಸಿದ್ಧ. ಚಟ್ನಿಪುಡಿಯನ್ನು ಕೊಬ್ಬರಿ ಹಾಕದೆ ಮಾಡಿ, ಕಮಟುವುದಿಲ್ಲ. ಇಟಲಿಯ ಆಲಿವ್ ಎಣ್ಣೆಯಲ್ಲಿ ಅದನ್ನು ಕಲಸಿ ಅಲ್ಲಿನ ಬಿಸಿ ಬ್ರೆಡ್ಡಿಗೆ ಹಚ್ಚಿ ತಿಂದರೆ ಎರಡೂ ದೇಶದ ರುಚಿ ಒಂದೇ ತುತ್ತಿನಲ್ಲಿ.

ಇಲ್ಲಿ ಕೆಲವು ಕಟ್ಟಳೆ ತಿಳಿದಿರಬೇಕು. ಹೊರದೇಶದ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಯುರೋಪಿನ ಒಕ್ಕೂಟ ಒಪ್ಪುವುದಿಲ್ಲ. ತುಪ್ಪದ ಡಬ್ಬಿ ಮನೆಯಲ್ಲಿರಲಿ. ಹಸಿ ಕರಿಬೇವು, ಮಾವಿನಹಣ್ಣು ಒಯ್ಯಲು ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಕೊಬ್ಬರಿ ಗಿಟಕು ವಿಮಾನಕ್ಕೇ ಹತ್ತುವಂತಿಲ್ಲ, ಎಣ್ಣೆಯಂಶದಿಂದ ತಾನೇ ಕಾವೇರಿ ಹೊತ್ತಿಕೊಳ್ಳಬಹುದು. ದುಬೈ ದಾರಿಯಾಗಿ ಹೋಗುವವರ ಗಂಟಿನಲ್ಲಿ ಗಸಗಸೆ ಒಂದು ಕಾಳೂ ಇರಬಾರದು. ನಾವು ಪಾಯಸಕ್ಕೆ ಹಾಕುವ ಅದು ಆ ದೇಶದಲ್ಲಿ ನಿಷಿದ್ಧ.

ಔಷಧಿ ಪೂರ್ತಿ ಕೈಚೀಲದಲ್ಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ. ಆಂಟಿಬಯೋಟಿಕ್‌ಗಳನ್ನು ಅಲ್ಲಿ ಚೀಟಿಯಿಲ್ಲದೆ ಕೊಡುವುದಿಲ್ಲ. ಪವರ್ ಬ್ಯಾಂಕ್ ಕೂಡ ಕೈಚೀಲಕ್ಕೇ. ಫೋನಿನ ಸಣ್ಣ ಎರಡು ಕಡ್ಡಿಯ ಚಾರ್ಜರ್ ಹೆಚ್ಚಿನ ಕಡೆ ಹಾಗೇ ಕೂರುತ್ತದೆ. ನಮ್ಮ ಮೂರು ಕಡ್ಡಿಯ ಪ್ಲಗ್ಗಿಗೆ ಅಡಾಪ್ಟರ್ ಬೇಕೇ ಬೇಕು. ಒಂದು ಖಾಲಿ ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ. ರೋಮ್‌ನ ಬೀದಿಗಳಲ್ಲಿ 'ನಾಸೋನಿ' ಎಂಬ ಎರಕದ ನಲ್ಲಿಗಳು ಹಗಲೂ ರಾತ್ರಿ ತಣ್ಣನೆಯ ಕುಡಿಯುವ ನೀರು ಸುರಿಸುತ್ತಲೇ ಇರುತ್ತವೆ, ಕಾಸಿಲ್ಲದೆ.

ಅಪ್ಪ ಅಮ್ಮನನ್ನು ಕರೆದೊಯ್ಯುವ ಮಕ್ಕಳಲ್ಲಿ ಒಂದು ಕೋರಿಕೆ. ಟಿಕೆಟ್, ವೀಸಾ, ವಿಮೆ ಎಲ್ಲ ನೀವೇ ಮಾಡಿಕೊಡಿ. ಅಮ್ಮನ ಪೆಟ್ಟಿಗೆ ತುಂಬಿದ ಮೇಲೆ ಮಾತ್ರ ಅದನ್ನು ಅಮ್ಮನ ಕೈಗೇ ಕೊಟ್ಟು, ಮನೆಯ ಒಂದು ಮಹಡಿ ಹತ್ತಿಸಿ ನೋಡಿ. ಅವರಿಗೆ ಸುಸ್ತಾದರೆ ತೂಕದ ಯಂತ್ರ ಎಷ್ಟೇ ತೋರಿಸಲಿ, ಇನ್ನೂ ನಾಲ್ಕು ಬಟ್ಟೆ ಕೆಳಗಿಳಿಸಿ.