ಅಕ್ಕ ಬರುವ ಮೊದಲು ಇಲಿ ಹೋಗ್ಬೇಕು

ಭಾಗ 1: ಎಲಿ ಉಂಟು ಮಾರ್ರೆ

ಮೊನ್ನೆ ಸ್ಟೋರಿಯಲ್ಲಿ ಇಲಿ ಬೋನಿನ ಫೋಟೋ ಹಾಕಿದ್ದೇ ಹಾಕಿದ್ದು, ಡಿಎಂ ತುಂಬಿ ಹೋಯ್ತು. ಕಾಸ್ಟ್ ಅಕೌಂಟಿಂಗ್ ನೋಟ್ಸ್ ಹಾಕಿದಾಗ ಒಬ್ಬರೂ ಮಾತಾಡಿಸಿದ್ದಿಲ್ಲ! "ನಮ್ಮ ಪಿಜಿಯಲ್ಲೂ ಉಂಟು", "ನನ್ನ ಲ್ಯಾಪ್‌ಟಾಪ್ ಚಾರ್ಜರ್ ಹೋಯ್ತು", "ಯಾವ ಇಲಿ ಮದ್ದು ಒಳ್ಳೇದು ಹೇಳು" ಅಂತ. ಆ ಕೊನೆಯ ಪ್ರಶ್ನೆಗೆ ಒಂದೇ ಸಾಲಿನಲ್ಲಿ ಉತ್ತರ ಕೊಡ್ಲಿಕ್ಕೆ ಆಗುವುದಿಲ್ಲ. ಅದಕ್ಕೇ ಈ ಐದು ಭಾಗ. ಬಸ್ಸಲ್ಲಿ ಕೂತು ಓದಿ.

ನಮ್ಮ ಮನೆ ಸಂತೆಕಟ್ಟೆಯಲ್ಲಿ, ಹೈವೇಯಿಂದ ಸ್ವಲ್ಪ ಒಳಗೆ. ಹಂಚಿನ ಮಾಡು, ಅಟ್ಟದ ತುಂಬಾ ಒಣ ತೆಂಗಿನಕಾಯಿ, ಬಚ್ಚಲಿನ ಪಕ್ಕ ಕಟ್ಟಿಗೆ ರಾಶಿ. ಇಲಿಗೆ ಇದಕ್ಕಿಂತ ಒಳ್ಳೆ ಬಾಡಿಗೆ ಮನೆ ಸಿಗ್ಲಿಕ್ಕಿಲ್ಲ, ಅದೂ ಅಡ್ವಾನ್ಸ್ ಇಲ್ಲದೆ. ಅಂಡರ್‌ಪಾಸಿಗೆ ನೆಲ ಅಗೆದ ಮೇಲೆ ಇಲಿ ಜಾಸ್ತಿ ಆಯ್ತು ಅಂತ ಅಜ್ಜಿಯ ವಾದ. ಅಜ್ಜಿ ಮಳೆ ತಡವಾದ್ರೂ ಅಂಡರ್‌ಪಾಸನ್ನೇ ಬೈಯುವವರು, ಹಾಗಾಗಿ ಅದನ್ನು ಬಿಡುವ.

ಮಳೆ ಶುರುವಾದ ಕೂಡಲೇ ಹೊರಗಿನ ಬಿಲಗಳಿಗೆ ನೀರು ನುಗ್ತದೆ, ಇಲಿಗಳು ಒಳಗೆ ಬರ್ತವೆ. ಪ್ರತಿ ವರ್ಷದ ಕಥೆ. ಆದ್ರೆ ಈ ಸಲ ಅಮ್ಮ ಕ್ಯಾಲೆಂಡರಿನಲ್ಲಿ ಒಂದು ತಾರೀಕಿಗೆ ಸುತ್ತು ಹಾಕಿದ್ರು. ಅಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬರುವ ದಿನ. ಅವಳಿಗೆ ಕೊಡುವ ಕೋಣೆ ಯಾವುದು ಗೊತ್ತುಂಟಾ? ಅಟ್ಟದ ಕೆಳಗಿನದ್ದೇ. ನಮ್ಮ ಕೈಯಲ್ಲಿ ಇದ್ದದ್ದು ಐದು ವಾರ.

ಭಾಗ 2: ಕಚ್ಚದೆಯೂ ಬರುವ ಜ್ವರ

"ಒಂದು ಇಲಿಗೆ ಇಷ್ಟು ಹೆದರ್ಲಿಕ್ಕೆ ಎಂತ ಉಂಟು?" ಅಂತ ಕೇಳಿದವರು ಇದನ್ನು ಸ್ವಲ್ಪ ನಿಧಾನ ಓದಿ.

ನಮ್ಮ ಉಡುಪಿ ಕಡೆ ಮಳೆಗಾಲದಲ್ಲಿ ಇಲಿ ಜ್ವರ ಹೊಸತಲ್ಲ. ಲೆಪ್ಟೋಸ್ಪೈರೋಸಿಸ್ ಅಂತ ಹೆಸರು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯರು ಇದರ ಬಗ್ಗೆ ಹಲವು ಅಧ್ಯಯನ ಮಾಡಿದ್ದಾರೆ. ಈ ಜ್ವರ ಬರ್ಲಿಕ್ಕೆ ಇಲಿ ಕಚ್ಚಬೇಕು ಅಂತಿಲ್ಲ. ಸೋಂಕಿರುವ ಇಲಿಯ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರ್ತದೆ. ಅದು ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕ್ತದೆ. ನಿಮ್ಮ ಕಾಲಿನಲ್ಲಿ ಸಣ್ಣ ಗಾಯ ಇದ್ರೂ ಸಾಕು, ಒಳಗೆ ಹೋಗ್ಲಿಕ್ಕೆ. ಕಣ್ಣು, ಬಾಯಿಯ ಮೂಲಕವೂ ಹೋಗ್ಬಹುದು. ಗದ್ದೆಗೆ, ತೋಟಕ್ಕೆ ಬರಿಗಾಲಲ್ಲಿ ಇಳಿಯುವ ನಮ್ಮ ಊರಿಗೆ ಇದು ಬೇರೆಯವರ ಸುದ್ದಿ ಅಲ್ಲ.

ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಲಕ್ಷಣ ಕಾಣ್ತದೆ: ಜೋರು ಜ್ವರ, ತಲೆನೋವು, ಮೈಕೈ ನೋವು, ಅದರಲ್ಲೂ ಮೀನಖಂಡದಲ್ಲಿ ಹಿಡಿದಂತಹ ನೋವು, ಕಣ್ಣು ಕೆಂಪು. ಬೇಗ ಗೊತ್ತಾದ್ರೆ ಆ್ಯಂಟಿಬಯೋಟಿಕ್‌ಗೆ ಗುಣ ಆಗ್ತದೆ. "ಮಳೆಗೆ ನೆಂದದ್ದು, ನಾಳೆ ಸರಿ ಹೋಗ್ತದೆ" ಅಂತ ಎಳೆದ್ರೆ ಕಿಡ್ನಿ, ಲಿವರ್ ತನಕ ಹೋಗ್ಬಹುದು. ಮಳೆಗಾಲದಲ್ಲಿ ಜ್ವರ ಬಂದ್ರೆ ಪ್ಯಾರಾಸಿಟಮಾಲ್ ನುಂಗಿ ಕ್ಲಾಸಿಗೆ ಬರುವ ಶೂರರೇ, ದಯವಿಟ್ಟು ಡಾಕ್ಟರ ಹತ್ರ ಹೋಗಿ. ನೀರಿಗೆ, ಕೆಸರಿಗೆ ಇಳಿದದ್ದಿದ್ರೆ ಅದನ್ನೂ ಹೇಳಿ.

ಹಿಕ್ಕೆ ಗುಡಿಸುವಾಗಲೂ ಒಂದು ಕ್ರಮ ಉಂಟು. ಒಣ ಹಿಡಿಸೂಡಿ ಬೇಡ, ಧೂಳು ಎದ್ದು ಮೂಗಿಗೆ ಹೋಗ್ತದೆ. ಕೈಗೆ ಗ್ಲೌಸ್ ಹಾಕಿ, ಬ್ಲೀಚಿಂಗ್ ನೀರು ಚಿಮುಕಿಸಿ, ಐದು ನಿಮಿಷ ಬಿಟ್ಟು ಒರೆಸಿ ತೆಗೀರಿ. ಅಮ್ಮ ಅಟ್ಟ ಪೂರ್ತಿ ಹೀಗೇ ಮಾಡಿಸಿದ್ರು. ಮಾಡಿದ್ದು ನಾನು, ಮಾಡಿಸಿದ್ದು ಅವರು.

ಭಾಗ 3: ಪಪ್ಪನ ಪೊಟ್ಟಣ

ಮೊದಲನೇ ದಿನವೇ ಪಪ್ಪ ಅಂಗಡಿಯಿಂದ ಇಲಿ ಮದ್ದಿನ ಪೊಟ್ಟಣ ತಂದ್ರು. "ರಾತ್ರಿ ಇಟ್ರೆ ಬೆಳಿಗ್ಗೆ ಮುಗೀತು." ಅಮ್ಮ ಅದನ್ನು ಒಳಗೆ ತರ್ಲಿಕ್ಕೇ ಬಿಡ್ಲಿಲ್ಲ. ಚಾವಡಿಯಲ್ಲಿ ಅರ್ಧ ಗಂಟೆ ವಾದ. ಕೊನೆಗೆ "ನೀನು ಓದಿದವಳಲ್ವಾ, ಹೇಳು" ಅಂತ ಇಬ್ಬರೂ ನನ್ನ ಕಡೆ ತಿರುಗಿದ್ರು. ಬಿಕಾಂ ಓದಿದವರಿಗೆ ಪಾಷಾಣದ ಬಗ್ಗೆ ಗೊತ್ತಿರ್ತದೆ ಅಂತ ನಂಬಿದ ಏಕೈಕ ಮನೆ ನಮ್ಮದು. ಸರಿ, ಓದಿದೆ. ಓದಿದ್ದನ್ನು ನಿಮಗೂ ಹೇಳ್ತೇನೆ.

ಅಂಗಡಿಯಲ್ಲಿ ಸಿಗುವುದೆಲ್ಲ ಒಂದೇ ಮದ್ದಲ್ಲ. ಬ್ರೊಮಾಡಿಯೊಲೋನ್ ಇರುವ ಕೇಕ್ ರಕ್ತ ಹೆಪ್ಪುಗಟ್ಟದ ಹಾಗೆ ಮಾಡ್ತದೆ. ಇಲಿ ತಿಂದ ರಾತ್ರಿಯೇ ಸಾಯುವುದಿಲ್ಲ, ಕೆಲವು ದಿನ ಬಿಟ್ಟು, ನಿಮ್ಮ ಕೈಗೆ ಎಟುಕದ ಯಾವುದೋ ಸಂದಿಯಲ್ಲಿ ಸಾಯ್ತದೆ. ಆಮೇಲೆ ವಾರವಿಡೀ ವಾಸನೆ. ಆ ಇಲಿಯನ್ನು ತಿಂದ ಬೆಕ್ಕಿಗೂ ಗೂಬೆಗೂ ಅದೇ ವಿಷ ದಾಟ್ತದೆ. ಇದಕ್ಕಾದ್ರೂ ವಿಟಮಿನ್ ಕೆ ಅಂತ ಪ್ರತ್ಯೌಷಧ ಉಂಟು. ಹಳದಿ ರಂಜಕದ ಪೇಸ್ಟ್ ಇದೆಯಲ್ಲ, ಅದಕ್ಕೆ ಅದೂ ಇಲ್ಲ. ಮನುಷ್ಯರ ಹೊಟ್ಟೆಗೆ ಹೋದ್ರೆ ಒಂದೆರಡು ದಿನ ಎಲ್ಲ ಸರಿಯಾದ ಹಾಗೆ ಕಂಡು, ಆಮೇಲೆ ಲಿವರ್ ಕೈಕೊಡ್ತದೆ. ಮಕ್ಕಳ ಕಣ್ಣಿಗೆ ಅದು ಟೂತ್‌ಪೇಸ್ಟ್. ಯಾರೇ ಆಗಲಿ ಗೊತ್ತಿಲ್ಲದೆ ಬಾಯಿಗೆ ಹಾಕಿದ್ರೆ, "ಈಗ ಆರಾಮ ಇದ್ದಾರೆ" ಅಂತ ಕೂರ್ಬೇಡಿ. ಆ ಕ್ಷಣವೇ ಆಸ್ಪತ್ರೆಗೆ, ಪೊಟ್ಟಣ ಕೈಯಲ್ಲಿ ಹಿಡ್ಕೊಂಡೇ.

2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಜ್ಞಾನಭಾರತಿ ಕಡೆ ನಮ್ಮದೇ ವಯಸ್ಸಿನ 19 ನರ್ಸಿಂಗ್ ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದ್ರು. ಯಾರೂ ಏನೂ ತಿಂದದ್ದಲ್ಲ. ಹಾಸ್ಟೆಲಿನಲ್ಲಿ ಇಲಿಗೆ ಅಂತ ಸಿಂಪಡಿಸಿದ ವಿಷದ ಗಾಳಿ ಉಸಿರಾಡಿದ್ದು, ಅಷ್ಟೇ. ಅದೇ ವರ್ಷ ನವೆಂಬರಿನಲ್ಲಿ ಚೆನ್ನೈ ಹತ್ತಿರದ ಕುಂದ್ರತ್ತೂರಿನಲ್ಲಿ, ಮನೆಯೊಳಗೆ ಇಟ್ಟ ಇಲಿ ಮದ್ದಿನಿಂದ ಎರಡು ಪುಟ್ಟ ಮಕ್ಕಳು ತೀರಿಕೊಂಡವು. ಕೆಲವು ಮದ್ದುಗಳು ಗಾಳಿಯ ತೇವಕ್ಕೇ ಫಾಸ್ಫೀನ್ ಅನ್ನುವ ವಿಷಾನಿಲ ಬಿಡ್ತವೆ. ಆಗ ಮುಚ್ಚಿದ ಕೋಣೆಯೇ ಅಪಾಯ.

ಇದನ್ನು ಓದಿ ಹೇಳಿ ಮುಗಿಸುವಾಗ ಪಪ್ಪ ಮಾತಾಡ್ಲಿಲ್ಲ. ಅಕ್ಕನ ಕೋಣೆಯ ಬಾಗಿಲನ್ನು ಒಮ್ಮೆ ನೋಡಿದ್ರು. ಮರುದಿನ ಪೊಟ್ಟಣ ಅಂಗಡಿಗೆ ವಾಪಸ್ ಹೋಯ್ತು.

ಭಾಗ 4: ತೆಂಗಿನಮರದ ತಗಡು

ಹಾಗಾದ್ರೆ ಎಂತ ಮಾಡುವುದು? ಉತ್ತರ ನಮ್ಮ ಹಿತ್ತಲಲ್ಲೇ ನಿಂತಿತ್ತು. ನಮ್ಮ ಕಡೆಯ ತೋಟಗಳಲ್ಲಿ ತೆಂಗಿನಮರದ ಸೊಂಟಕ್ಕೆ ತಗಡು ಸುತ್ತಿದ್ದು ನೋಡಿದ್ದೀರಲ್ವಾ? ಇಲಿಗೆ ನಯ ತಗಡಿನ ಮೇಲೆ ಉಗುರು ಊರ್ಲಿಕ್ಕೆ ಆಗುವುದಿಲ್ಲ, ಜಾರಿ ಬೀಳ್ತದೆ. ಹಳೆ ಮನೆಗಳಲ್ಲಿ ಅಕ್ಕಿ ತುಂಬಿಸುವ ಪತ್ತಾಯಕ್ಕೆ ದಪ್ಪ ಮರದ ಹಲಗೆ ಯಾಕೆ? ಅದಕ್ಕೂ ಇದೇ ಕಾರಣ. ಹಿಂದಿನವರು ಇಲಿಯ ಹಿಂದೆ ಓಡಿದ್ದಕ್ಕಿಂತ ದಾರಿ ಮುಚ್ಚಿದ್ದೇ ಜಾಸ್ತಿ.

ನಮ್ಮ ಭಾಷೆಯಲ್ಲಿ ಹೇಳುವುದಾದ್ರೆ, ಮದ್ದು ರೆವಿನ್ಯೂ ಎಕ್ಸ್‌ಪೆಂಡಿಚರ್. ಪ್ರತಿ ವರ್ಷ ಖರ್ಚು, ಪ್ರತಿ ವರ್ಷ ಇಲಿ. ತೂತು ಮುಚ್ಚುವುದು ಕ್ಯಾಪಿಟಲ್ ಎಕ್ಸ್‌ಪೆಂಡಿಚರ್. ಒಮ್ಮೆ ಮಾಡಿದ್ರೆ ವರ್ಷಗಟ್ಟಲೆ ಉಪಯೋಗ.

ಸಣ್ಣ ಇಲಿಗೆ ಒಳಗೆ ಬರ್ಲಿಕ್ಕೆ ಸುಮಾರು 6 ಮಿಲಿಮೀಟರ್ ಸಂದಿ ಸಾಕು. ನಿಮ್ಮ ಪೆನ್ಸಿಲ್ ಎಲ್ಲಿ ತೂರ್ತದೋ ಅಲ್ಲಿ ಅದೂ ತೂರ್ತದೆ. ನಾನು ಪೆನ್ಸಿಲ್ ಹಿಡ್ಕೊಂಡು ಮನೆಯಿಡೀ ಸುತ್ತಿದೆ, 14 ಕಡೆ ತೂರಿತು! ಸಿಂಕಿನ ಪೈಪ್ ಗೋಡೆಯೊಳಗೆ ಹೋಗುವ ಜಾಗ, ಬಚ್ಚಲಿನ ನೀರು ಹೋಗುವ ತೂತು, ಹಿಂಬಾಗಿಲಿನ ಅಡಿ, ಗ್ಯಾಸ್ ಪೈಪಿನ ಸುತ್ತ. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ತುರುಕಿ, ಮೇಲೆ ಸಿಮೆಂಟ್ ಮೆತ್ತಿದೆವು. ಬರೀ ಬಟ್ಟೆ, ಥರ್ಮಾಕೋಲ್ ತುರುಕಿ ಪ್ರಯೋಜನ ಇಲ್ಲ, ಇಲಿಯ ಮುಂದಿನ ಹಲ್ಲು ಜೀವನವಿಡೀ ಬೆಳೀತಾ ಇರ್ತದೆ, ಅದಕ್ಕೆ ಕಡಿಯುವುದೇ ಕೆಲಸ. ನೀರು ಹೋಗುವ ಕಡೆಗೆ ಕಬ್ಬಿಣದ ಜಾಲರಿ. ಬಾಗಿಲಿನ ಅಡಿಗೆ ತಗಡಿನ ಪಟ್ಟಿ.

ಹಂಚಿನ ಮಾಡನ್ನು ಪೂರ್ತಿ ಮುಚ್ಚುವುದು ಅಸಾಧ್ಯ. ಅಲ್ಲಿ ಬೇರೆ ಉಪಾಯ: ಮಾಡಿಗೆ ತಾಗುವ ಮಾವಿನ ಗೆಲ್ಲು ಕಡಿಸಿದೆವು, ಅಟ್ಟದ ತೆಂಗಿನಕಾಯಿ ಖಾಲಿ ಮಾಡಿದೆವು, ಕಟ್ಟಿಗೆ ರಾಶಿಯನ್ನು ಗೋಡೆಯಿಂದ ದೂರ ಇಟ್ಟೆವು. ಕುಚ್ಚಲಕ್ಕಿ, ಬೇಳೆ, ಒಣಮೀನು ಎಲ್ಲ ಮುಚ್ಚಳದ ಸ್ಟೀಲ್ ಡಬ್ಬಕ್ಕೆ. ರಾತ್ರಿ ಬೆಕ್ಕಿಗೆ ಇಡುವ ಅನ್ನದ ತಟ್ಟೆಯೂ ಎತ್ತಿಡಬೇಕು. ಬೆಕ್ಕಿಗಿಂತ ಇಲಿಯೇ ಅದರಲ್ಲಿ ಉಣ್ಣುತ್ತಿತ್ತು.

ಭಾಗ 5: ಬೋನು ಮತ್ತು ಲೆಕ್ಕ

ಬಾಗಿಲು ಮುಚ್ಚಿದ ಮೇಲೆ ಒಳಗೆ ಉಳಿದವರ ಪ್ರಶ್ನೆ. ಅವನ್ನು ಬಿಡುವ ಹಾಗಿಲ್ಲ. ಮನೆಯ ಸಣ್ಣ ಇಲಿ ಸುಮಾರು 20 ದಿನಕ್ಕೆ ಮರಿ ಹಾಕ್ತದೆ, ಒಂದು ಸಲಕ್ಕೆ ಐದಾರು. ಆ ಮರಿಗಳು ಆರು ವಾರಕ್ಕೆ ತಾವೇ ತಯಾರು. ಚಕ್ರಬಡ್ಡಿ ಇದೇ ಅಲ್ವಾ? ಅಸಲು ಉಳಿದ್ರೆ ಬಡ್ಡಿ ಓಡ್ತಾನೇ ಇರ್ತದೆ.

ಎರಡು ಸ್ಪ್ರಿಂಗ್ ಬೋನು ತಂದೆವು. ಇಲಿ ನಡು ಕೋಣೆಯಲ್ಲಿ ಓಡುವುದು ಕಡಿಮೆ, ಗೋಡೆ ಹಿಡ್ಕೊಂಡೇ ಓಡ್ತದೆ. ಬೋನು ಅಲ್ಲೇ ಇಡಬೇಕು. ದೊಡ್ಡ ಇಲಿಗಳಿಗೆ ಹೊಸ ವಸ್ತು ಕಂಡ್ರೆ ಸಂಶಯ, ಹಾಗಾಗಿ ಮೊದಲ ಮೂರು ರಾತ್ರಿ ಬೋನು ಹೂಡದೆ ಬರೀ ತಿಂಡಿ ಇಟ್ಟೆವು. ಸುಟ್ಟ ತೆಂಗಿನ ಹೋಳು, ಒಣ ಸಿಗಡಿ. ಅದನ್ನು ನೂಲಿನಿಂದ ಕಟ್ಟಿದ್ರೆ ಕಚ್ಚಿಕೊಂಡು ಓಡ್ಲಿಕ್ಕೆ ಆಗುವುದಿಲ್ಲ.

ಅಂಟಿನ ಹಲಗೆ ಬೇಡ. ಇಲಿ ಗಂಟೆಗಟ್ಟಲೆ ಜೀವಂತ ಒದ್ದಾಡ್ತದೆ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೂ ಅದರ ವಿರುದ್ಧ ಸಲಹೆ ಹೊರಡಿಸಿದೆ. ಪ್ಲಗ್ಗಿಗೆ ಹಾಕುವ ಅಲ್ಟ್ರಾಸಾನಿಕ್ ಡಬ್ಬಿಯೂ ಬೇಡ. 2001ರಲ್ಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 60ಕ್ಕೂ ಹೆಚ್ಚು ತಯಾರಕರು, ಮಾರಾಟಗಾರರಿಗೆ "ನಿಮ್ಮ ಜಾಹೀರಾತಿಗೆ ಪುರಾವೆ ಬೇಕು" ಅಂತ ಎಚ್ಚರಿಕೆ ಪತ್ರ ಕಳಿಸಿತ್ತು.

ಕೊಲ್ಲುವುದು ಸರಿಯಾ ಅಂತ ಕೇಳಿದವರೂ ಇದ್ದೀರಿ. ಅಜ್ಜಿ ಪ್ರತಿ ರಾತ್ರಿ ಬೋನು ಹೂಡುವ ಮೊದಲು "ಗಣಪತಿ, ನಿನ್ನ ವಾಹನ, ಕ್ಷಮಿಸು" ಅಂತ ಕೈಮುಗೀತಿದ್ರು. ಆಮೇಲೆ "ಸಿಗಡಿ ಸ್ವಲ್ಪ ದೊಡ್ಡದು ಇಡು" ಅಂತ ನನಗೆ ಹೇಳ್ತಿದ್ರು. ನನಗೂ ಖುಷಿಯಿಂದ ಮಾಡಿದ ಕೆಲಸ ಅಲ್ಲ ಅದು. ಆದ್ರೆ ಬೇರೆಯವರ ಗದ್ದೆಗೆ ಬಿಟ್ಟು ಬಂದು ಪುಣ್ಯ ಬಂತು ಅನ್ನುವುದು ನನ್ನಿಂದಾಗದು. ಒಂದೇ ಏಟಿಗೆ ಮುಗಿಯಬೇಕು, ಗ್ಲೌಸ್ ಹಾಕಿ ಆಳವಾಗಿ ಹೂಳಬೇಕು. ನಾವು ಇಟ್ಟುಕೊಂಡ ನಿಯಮ ಅಷ್ಟೇ.

ಲೆಕ್ಕ ಕೇಳಿ. ಮೊದಲ ವಾರ 4, ಎರಡನೇ ವಾರ 3, ಮೂರನೇ ವಾರ 1. ನಾಲ್ಕನೇ ವಾರ ಸೊನ್ನೆ. ಐದನೇ ವಾರ ನೆಲಕ್ಕೆ ತೆಳುವಾಗಿ ಪೌಡರ್ ಉದುರಿಸಿ ಮಲಗಿದೆವು, ಬೆಳಿಗ್ಗೆ ಇದ್ದದ್ದು ನಮ್ಮ ಬೆಕ್ಕಿನ ಹೆಜ್ಜೆ ಮಾತ್ರ. ಒಟ್ಟು ಖರ್ಚು 1,140 ರೂಪಾಯಿ, ಡಬ್ಬಗಳೂ ಸೇರಿ. ಪಪ್ಪ ಬಿಲ್ಲುಗಳನ್ನು ಎರಡು ಸಲ ಕೂಡಿಸಿ ನೋಡಿದ್ರು.

ಅಕ್ಕ ಬಂದು ಹದಿನೈದು ದಿನ ಆಯ್ತು. ಮಧ್ಯರಾತ್ರಿ ಎದ್ದು ಕೂರ್ತಾಳೆ, ಆದ್ರೆ ಇಲಿಗಲ್ಲ, ಒಳಗಿನ ಮರಿ ಒದೆಯುವುದಕ್ಕೆ.

ಈಗ ನಿಮ್ಮ ಸರದಿ. ಪಿಜಿ, ಹಾಸ್ಟೆಲ್‌ನವರು ಇವತ್ತು ಸಂಜೆ ಮೂರೇ ಕೆಲಸ ಮಾಡಿ: ಮಂಚದ ಅಡಿಯ ಬಿಸ್ಕೆಟ್ ಪೊಟ್ಟಣ ಡಬ್ಬಕ್ಕೆ ಹಾಕಿ, ಪೆನ್ಸಿಲ್ ಹಿಡಿದು ಕೋಣೆ ಸುತ್ತಿ, ತೂರಿದ ಜಾಗದ ಫೋಟೋ ತೆಗೆದು ವಾರ್ಡನ್‌ಗೆ ಕಳಿಸಿ. ವಿಷ ಸಿಂಪಡಿಸ್ತೇವೆ ಅಂತ ಬಂದ್ರೆ ಯಾವ ವಿಷ, ಎಷ್ಟು ಹೊತ್ತು ಕೋಣೆ ಬಿಟ್ಟಿರಬೇಕು ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ನಿಮ್ಮ ಕೋಣೆಯಲ್ಲಿ ಪೆನ್ಸಿಲ್ ಎಷ್ಟು ಕಡೆ ತೂರಿತು? ಕಮೆಂಟಲ್ಲಿ ಬರೀರಿ. 14ಕ್ಕಿಂತ ಜಾಸ್ತಿ ಇದ್ರೆ ಒಂದು ಗೋಳಿಬಜೆ ನನ್ನ ಲೆಕ್ಕದಲ್ಲಿ.

#ಸಂತೆಕಟ್ಟೆ #ಉಡುಪಿ #ಇಲಿಜ್ವರ #ಮಳೆಗಾಲ #ಬಿಕಾಂಬದುಕು