ಸೈನಾಲಜಿಸ್ಟ್ ಅಂದರೆ ಯಾರು?

ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ರೈಲಿನಲ್ಲಿ ಕಾಲೇಜು ಹುಡುಗನೊಬ್ಬ ಕೇಳಿದ: ‘ಸೈನಾಲಜಿಸ್ಟ್ ಅಂದ್ರ ಮೂಗಿನ ಡಾಕ್ಟರ್ ಏನ್ರಿ ಸರ್?’ ಅಲ್ಲ. ಲ್ಯಾಟಿನ್ನಿನಲ್ಲಿ ‘ಸೀನೇ’ ಅಂದರೆ ಚೀನೀಯರು. ಚೀನೀ ಭಾಷೆ ಕಲಿತು, ಅಲ್ಲಿನ ಗ್ರಂಥ, ಚರಿತ್ರೆಗಳನ್ನು ಮೂಲದಲ್ಲೇ ಓದುವವರು ಸೈನಾಲಜಿಸ್ಟರು.

ಪತ್ರಿಕೆಗಳ ‘ಚೀನಾ ತಜ್ಞ’ರು ಬೇರೆ. ಗಡಿ, ವ್ಯಾಪಾರದ ಬಗ್ಗೆ ಮಾತಾಡಲು ಚೀನೀ ಅಕ್ಷರ ಬರಲೇಬೇಕೆಂದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಧಾರಣೆ ಹೇಳುವವರು ಬಹಳ. ಕಾಯಿ ಕೈಗೆತ್ತಿಕೊಂಡು ಡಬ್ಬಿ, ಕಡ್ಡಿಯ ಗುಣ ಹೇಳುವವರು ಬೇರೆಯೇ.

ಈ ವ್ಯತ್ಯಾಸ ನಮಗೇಕೆ ಬೇಕು? ನಮ್ಮ ಇಮ್ಮಡಿ ಪುಲಕೇಶಿಯ ಶೌರ್ಯವನ್ನು, ಮದವೇರಿಸಿದ ಅವನ ಯುದ್ಧದಾನೆಗಳನ್ನು, ಸೋತ ಸೇನಾಪತಿಗೆ ಹೆಣ್ಣಿನ ಉಡುಪು ಕೊಡುತ್ತಿದ್ದುದನ್ನು 7ನೆಯ ಶತಮಾನದಲ್ಲಿ ಬರೆದಿಟ್ಟವನು ಹ್ಯೂಯೆನ್ ತ್ಸಾಂಗ್. ಬರೆದದ್ದು ಚೀನೀಯಲ್ಲಿ. 19ನೆಯ ಶತಮಾನದಲ್ಲಿ ಸ್ಟಾನಿಸ್ಲಾ ಜೂಲಿಯೆನ್ ಅದನ್ನು ಫ್ರೆಂಚಿಗೆ, ಸ್ಯಾಮ್ಯುಯೆಲ್ ಬೀಲ್ ಇಂಗ್ಲಿಷಿಗೆ ತಂದರು. ಅವರು ಓದಿರದಿದ್ದರೆ ಶಾಲೆಯ ಪಾಠದಲ್ಲಿ ನಾವು ಓದುವುದೇನಿತ್ತು?

ಕನ್ನಡದಲ್ಲಿ ‘ಚೀನೀ ವಿದ್ವಾಂಸ’ ಎಂದರೆ ಹ್ಯೂಯೆನ್ ತ್ಸಾಂಗನೂ ಆದಾನು, ಜೂಲಿಯೆನ್ನನೂ ಆದಾನು. ‘ಚೀನಾಶಾಸ್ತ್ರಜ್ಞ’ ನಾಲಿಗೆಗೆ ಭಾರ, ಆದರೆ ಗೊಂದಲವಿಲ್ಲ. ನನಗೆ ಅದೇ ಸರಿ. ನಮ್ಮ ದೊರೆಯ ಕಥೆಯನ್ನು ಚೀನೀಯಿಂದ ನೇರವಾಗಿ ಕನ್ನಡಕ್ಕೆ ತರುವವರು ಹೆಚ್ಚಿದರೆ ಆ ಪದವೂ ಬಳಸಿ ಬಳಸಿ ಹಗುರಾದೀತು.